ಹಳೆಯ ಗೋಡೆಗೆ ಹೊಸ ಬಲ

ಹಳೆಯ ಕಟ್ಟಡದ ಗೋಡೆ ಬಿರುಕು ಬಿಟ್ಟರೆ ನಮ್ಮ ಊರುಗಳಲ್ಲಿ ಮೊದಲು ಬಂದಿಳಿಯುವುದು ಸಿಮೆಂಟಿನ ಚೀಲ. ದೇವಸ್ಥಾನವಾಗಲಿ, ಶತಮಾನ ಕಂಡ ಶಾಲೆಯಾಗಲಿ, ಮುತ್ತಜ್ಜ ಕಟ್ಟಿಸಿದ ತೊಟ್ಟಿಮನೆಯಾಗಲಿ, ಯಾರಾದರೂ ಒಬ್ಬರು "ಗಟ್ಟಿ ಮಾಡಿಬಿಡೋಣ" ಅನ್ನುತ್ತಾರೆ. ಮೇಸ್ತ್ರಿ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನಂತೆ ಕಲಸುತ್ತಾರೆ. ಸಂಜೆಯ ಹೊತ್ತಿಗೆ ಬಿರುಕು ಕಾಣುವುದಿಲ್ಲ, ಗೋಡೆ ನುಣ್ಣಗೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮಾಡಿಸಿದವರಿಗೆ ಕಟ್ಟಡದ ಮೇಲೆ ಪ್ರೀತಿ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಎಷ್ಟೋ ಕಟ್ಟಡಗಳು ಬೇಗ ಹಾಳಾಗಲು ಶುರುವಾದದ್ದು ಇಂಥ ದುರಸ್ತಿಯ ದಿನದಿಂದಲೇ. ಹಾಗೆ ಆಗುವುದೇಕೆ, ಹಳೆಯ ಕಟ್ಟಡಕ್ಕೆ ಬಲ ಕೊಡುವ ಸರಿಯಾದ ದಾರಿ ಯಾವುದು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕು ಅಂದುಕೊಂಡಿದ್ದೇನೆ.

ಸಿಮೆಂಟ್ ಬರುವುದಕ್ಕೆ ಮುಂಚಿನ ನಮ್ಮ ಇಟ್ಟಿಗೆ, ಕಲ್ಲಿನ ಕಟ್ಟಡಗಳಲ್ಲಿ ಬಹಳಷ್ಟನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಬಿಟ್ಟರೆ ಕೊತಕೊತ ಕುದಿದು ಅರಳುತ್ತದೆ. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪನ್ನು ಸುಡುತ್ತಿದ್ದರು. ಅರಳಿದ ಸುಣ್ಣಕ್ಕೆ ಮರಳು, ಇಟ್ಟಿಗೆಯ ಪುಡಿ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಹದಕ್ಕೆ ತಕ್ಕಷ್ಟು ಹಾಕಿ ಗಾರೆ ಮಾಡುತ್ತಿದ್ದರು. ಗೋಡೆ ಸೇರಿದ ಮೇಲೆ ಈ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಂಡು, ವರ್ಷಗಟ್ಟಲೆ ಕಾಲ ತೆಗೆದುಕೊಂಡು, ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಕೂತು ವಾಪಸು ಪಡೆಯುತ್ತದೆ.

ಈ ಗಾರೆ ಸಿಮೆಂಟಿನಷ್ಟು ಗಟ್ಟಿಯಲ್ಲ. ಗಟ್ಟಿಯಲ್ಲದಿರುವುದೇ ಅದರ ಗುಣ. ಕಟ್ಟಡ ಅಂದರೆ ಅಲ್ಲಾಡದ ವಸ್ತು ಎಂದು ನಾವು ತಿಳಿದಿರುತ್ತೇವೆ. ಬಿಸಿಲಿಗೆ ಹಿಗ್ಗುವುದು, ರಾತ್ರಿ ಕುಗ್ಗುವುದು, ಮಳೆಗಾಲದಲ್ಲಿ ಪಾಯದ ಮಣ್ಣು ಉಬ್ಬಿದಾಗ ಕೂದಲೆಳೆಯಷ್ಟು ಏಳುವುದು, ಬೇಸಿಗೆಯಲ್ಲಿ ಇಳಿಯುವುದು, ಇವೆಲ್ಲ ಪ್ರತಿ ಗೋಡೆಯಲ್ಲೂ ನಡೆಯುತ್ತಿರುತ್ತವೆ. ಕಲ್ಲಿಗಿಂತ, ಇಟ್ಟಿಗೆಗಿಂತ ಮೆತ್ತಗಿರುವ ಸುಣ್ಣದ ಸಂದು ಆ ಚಲನೆಯನ್ನು ತಾನೇ ಹೀರಿಕೊಳ್ಳುತ್ತದೆ. ಸೂಕ್ಷ್ಮ ಬಿರುಕು ಬಂದರೂ ಮಳೆಯ ನೀರಿನಲ್ಲಿ ಕರಗಿದ ಸುಣ್ಣ ಹರಿದು ಬಂದು ಬಿರುಕಿನಲ್ಲಿ ಕೂತು ಅದನ್ನು ಮುಚ್ಚುವುದುಂಟು. ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಹಳೆಯ ಗೋಡೆಗಳಿಗೆ ಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಮೇಲೇರುತ್ತದೆ. ಸುಣ್ಣದ ಗಾರೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಅದು ಆವಿಯಾಗಿ ಹೊರಗೆ ಹೋಗುತ್ತದೆ, ಗೋಡೆ ಒಣಗುತ್ತದೆ.

ಇಂಥ ಗೋಡೆಗೆ ಸಿಮೆಂಟ್ ಬಳಿಯುವುದು ಬೆವರುವ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಏರಿದ ನೀರಿಗೆ ಹೊರಹೋಗುವ ದಾರಿ ಇಲ್ಲದೆ ಅದು ಇನ್ನೂ ಮೇಲಕ್ಕೆ ಏರುತ್ತದೆ. ನೀರಿನ ಜೊತೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗಿನ ಒತ್ತಡಕ್ಕೆ ಇಟ್ಟಿಗೆಯ ಮುಖ, ಕಲ್ಲಿನ ಮುಖ ಪುಡಿಯಾಗಿ ಉದುರುತ್ತದೆ. ಕೆಲವು ವರ್ಷಗಳ ನಂತರ ಸಿಮೆಂಟ್ ಹಕ್ಕಳೆ ಹಕ್ಕಳೆಯಾಗಿ ಕಳಚಿಬಿದ್ದಾಗ ಅದಕ್ಕೆ ಅಂಟಿಕೊಂಡು ಹಳೆಯ ಇಟ್ಟಿಗೆಯ ಅರ್ಧವೂ ಬರುತ್ತದೆ. ಆಗ ಜನ ಹಳೆಯ ಇಟ್ಟಿಗೆಗೆ ಜೀವ ಇಲ್ಲ ಅನ್ನುತ್ತಾರೆ. ಜೀವ ಇತ್ತು, ಅದನ್ನು ಕಳೆದದ್ದು ಸಿಮೆಂಟ್. ಈಗ ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಒಳ್ಳೆಯ ವಸ್ತು. ಅದಕ್ಕಾಗಿಯೇ ಲೆಕ್ಕ ಹಾಕಿ ಕಟ್ಟಿದ ಕಟ್ಟಡದಲ್ಲಿ ಅದರ ಕೆಲಸ ಅದು ಮಾಡುತ್ತದೆ. ಅದಕ್ಕಿಂತ ಎಷ್ಟೋ ನೂರು ವರ್ಷ ಮೊದಲು, ಬೇರೆಯೇ ರೀತಿಯಲ್ಲಿ ನಿಂತಿರುವ ಗೋಡೆಯ ಮೇಲೆ ಅದನ್ನು ಹೇರಿದಾಗ ಇಬ್ಬರ ಜಗಳದಲ್ಲಿ ಸೋಲುವುದು ಮೆತ್ತಗಿರುವವನು, ಅಂದರೆ ಹಳೆಯ ಗೋಡೆ.

ಕಬ್ಬಿಣದಿಂದಲೂ ಇಂಥದೇ ಹಾನಿಯಾಗಿದೆ. ಅಥೆನ್ಸಿನ ಪಾರ್ಥೆನಾನ್ ಕಟ್ಟಿದ ಗ್ರೀಕರು ಅಮೃತಶಿಲೆಯ ಕಲ್ಲುಗಳನ್ನು ಕಬ್ಬಿಣದ ಹಿಡಿಕೆಗಳಿಂದ ಒಂದಕ್ಕೊಂದು ಬಿಗಿದಿದ್ದರು. ಆದರೆ ಪ್ರತಿ ಹಿಡಿಕೆಯ ಸುತ್ತ ಕರಗಿದ ಸೀಸ ಎರೆದಿದ್ದರು. ಸೀಸ ಕಬ್ಬಿಣಕ್ಕೆ ನೀರು ತಾಕದಂತೆ ಕಾಯಿತು, ಕಂಪನವನ್ನೂ ತಡೆದುಕೊಂಡಿತು. 19ನೇ ಶತಮಾನದ ಕೊನೆಯಲ್ಲಿ ನಿಕೊಲಾಸ್ ಬಾಲಾನೋಸ್ ಎಂಬ ಇಂಜಿನಿಯರ್ ಅಲ್ಲಿನ ಸ್ಮಾರಕಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಬಿದ್ದ ಕಂಬಗಳನ್ನು ಎಬ್ಬಿಸಿ ನಿಲ್ಲಿಸಿದ ಅವರನ್ನು ಆ ಕಾಲ ಹೊಗಳಿತು. ಅವರೂ ಕಬ್ಬಿಣದ ಹಿಡಿಕೆಗಳನ್ನೇ ಹಾಕಿದರು, ಆದರೆ ಸೀಸದ ಕವಚವಿಲ್ಲದೆ. ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದಲೇ ಅಮೃತಶಿಲೆ ಸೀಳಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಹಿಡಿಕೆಗಳು ಸುಸ್ಥಿತಿಯಲ್ಲಿರುವಾಗ ಹೊಸ ಹಿಡಿಕೆಗಳೇ ಕಲ್ಲನ್ನು ಒಡೆಯುತ್ತಿದ್ದವು. 1975ರಲ್ಲಿ ಗ್ರೀಸ್ ಸರ್ಕಾರ ಇದಕ್ಕೆಂದೇ ಒಂದು ಸಮಿತಿ ನೇಮಿಸಿತು. ಅಂದಿನಿಂದ ಕಲ್ಲುಗಳನ್ನು ಬಿಚ್ಚಿ, ತುಕ್ಕು ಹಿಡಿದ ಕಬ್ಬಿಣ ತೆಗೆದು, ತುಕ್ಕು ಹಿಡಿಯದ ಟೈಟಾನಿಯಂ ಹಾಕಿ ಮತ್ತೆ ಜೋಡಿಸುತ್ತಾ ಬಂದಿದ್ದಾರೆ. ಹಿಂದಿನ ದುರಸ್ತಿಯನ್ನು ದುರಸ್ತಿ ಮಾಡುವುದಕ್ಕೆ ದಶಕಗಳು ಹಿಡಿದವು.

ಹಾಗಾದರೆ ಸರಿಯಾಗಿ ಬಲಪಡಿಸಿದ ಉದಾಹರಣೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಇಟಲಿಯ ಪೀಸಾ ನಗರದ ವಾಲುಗೋಪುರದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆತುರದಿಂದ ಮಾಡಿದ ಕೆಲಸ, ಎಚ್ಚರದಿಂದ ಮಾಡಿದ ಕೆಲಸ ಎರಡೂ ಆ ಒಂದೇ ಗೋಪುರದಲ್ಲಿವೆ.

ಗೋಪುರಕ್ಕೆ ಪಾಯ ಹಾಕಿದ್ದು 1173ರಲ್ಲಿ. ಕೆಳಗಿರುವುದು ಮೆತ್ತನೆಯ ಜೇಡಿಮಣ್ಣು, ಪಾಯದ ಆಳ ಸುಮಾರು 3 ಮೀಟರ್ ಮಾತ್ರ. ಕೆಲವೇ ಅಂತಸ್ತು ಏರುವಷ್ಟರಲ್ಲಿ, 1178ರ ಸುಮಾರಿಗೆ ಕೆಲಸ ನಿಂತಿತು. ಹೆಚ್ಚುಕಡಿಮೆ ನೂರು ವರ್ಷ ಹಾಗೇ ನಿಂತಿದ್ದು 1272ರಲ್ಲಿ ಮುಂದುವರಿಯಿತು, ಮತ್ತೆ ನಿಂತಿತು. ಗಂಟೆಗಳಿರುವ ಮೇಲಿನ ಅಂತಸ್ತು ಮುಗಿಯುವ ಹೊತ್ತಿಗೆ 14ನೇ ಶತಮಾನ ಕೊನೆಯ ಹಂತಕ್ಕೆ ಬಂದಿತ್ತು. ಈ ನಿಲುಗಡೆಗಳೇ ಅದನ್ನು ಉಳಿಸಿದವು ಎಂದು ಮಣ್ಣಿನ ಶಾಸ್ತ್ರ ಬಲ್ಲವರು ಹೇಳುತ್ತಾರೆ. ಭಾರ ಬಿದ್ದ ಜೇಡಿಮಣ್ಣಿನಿಂದ ನೀರು ಹಿಂಡಿ ಹೊರಗೆ ಹೋಗಿ ಮಣ್ಣು ಬಿಗಿಯಾಗಲು ಕಾಲ ಬೇಕು. ಆ ಕಾಲ ತಾನಾಗಿ ಒದಗಿತು. ಒಂದೇ ಸಮನೆ ಕಟ್ಟಿದ್ದರೆ ಗೋಪುರ ಆಗಲೇ ಉರುಳುತ್ತಿತ್ತು. ಮಧ್ಯೆ ಬಂದ ಮೇಸ್ತ್ರಿಗಳು ವಾಲು ಗಮನಿಸಿ ಮೇಲಿನ ಅಂತಸ್ತುಗಳನ್ನು ನೇರಕ್ಕೆ ತರಲು ನೋಡಿದರು. ಹಾಗಾಗಿ ಗೋಪುರ ವಾಲಿರುವುದಷ್ಟೇ ಅಲ್ಲ, ನಡುವಿನಲ್ಲಿ ಬಾಗಿಯೂ ಇದೆ. ಎತ್ತರ ಸುಮಾರು 56 ಮೀಟರ್, ತೂಕ 14,500 ಟನ್.

1838ರಲ್ಲಿ ಗೆರಾರ್ದೆಸ್ಕಾ ಎಂಬ ವಾಸ್ತುಶಿಲ್ಪಿಗೆ, ಮಣ್ಣಿನಲ್ಲಿ ಹೂತುಹೋದ ಕಂಬಗಳ ಬುಡ ಜನಕ್ಕೆ ಕಾಣಬೇಕು ಅನ್ನಿಸಿತು. ಗೋಪುರದ ಸುತ್ತ ಕಾಲುದಾರಿ ಅಗೆಸಿದರು. ಅಗೆತ ಅಂತರ್ಜಲದ ಮಟ್ಟ ಮುಟ್ಟಿ ನೀರು ನುಗ್ಗಿತು, ವಾಲು ಒಮ್ಮೆಲೇ ಹೆಚ್ಚಿತು. 1934ರಲ್ಲಿ, ಮುಸೊಲಿನಿಯ ಆಡಳಿತದಲ್ಲಿ, ಪಾಯಕ್ಕೆ 361 ರಂಧ್ರ ಕೊರೆದು ಸುಮಾರು 90 ಟನ್ ಸಿಮೆಂಟಿನ ಹಾಲು ತುಂಬಿದರು. ನಮ್ಮೂರಿನ "ಗಟ್ಟಿ ಮಾಡಿಬಿಡೋಣ" ಅನ್ನುವುದರ ದೊಡ್ಡ ರೂಪ ಇದು. ಗೋಪುರ ದಕ್ಷಿಣಕ್ಕೆ ಇನ್ನಷ್ಟು ವಾಲಿತು.

1989ರ ಮಾರ್ಚಿನಲ್ಲಿ ಇಟಲಿಯದೇ ಪಾವಿಯಾ ಊರಿನ ಹಳೆಯ ಗೋಪುರ ಮುನ್ಸೂಚನೆ ಇಲ್ಲದೆ ಕುಸಿದು ನಾಲ್ವರು ಸತ್ತರು. ಗಾಬರಿಯಾದ ಸರ್ಕಾರ 1990ರ ಜನವರಿಯಲ್ಲಿ ಪೀಸಾ ಗೋಪುರದ ಬಾಗಿಲು ಹಾಕಿ, ಮಿಕೆಲೆ ಯಾಮಿಯೊಲ್ಕೋವ್‌ಸ್ಕಿ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಬರ್ಲೆಂಡ್ ಅದರಲ್ಲಿದ್ದರು. ಸಮಿತಿಯವರು ಅಳತೆಗೆ ಕೂತರು. ಹಳೆಯ ದಾಖಲೆಗಳಿಂದ, ಗೋಪುರದ ಬಾಗಿನಿಂದಲೇ, ಅದು ಯಾವ ಕಾಲಕ್ಕೆ ಎಷ್ಟು ವಾಲಿತ್ತು ಎಂಬ ಚರಿತ್ರೆ ಕಟ್ಟಿ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ತಾತ್ಕಾಲಿಕ ಆಸರೆಯಾಗಿ 1993ರಲ್ಲಿ ಉತ್ತರ ದಿಕ್ಕಿನ ಬುಡದ ಮೇಲೆ 600 ಟನ್ ಸೀಸದ ಗಟ್ಟಿಗಳನ್ನು ಪೇರಿಸಿದರು. ನೋಡಲು ಚೆನ್ನಾಗಿರಲಿಲ್ಲ. ಆದರೆ ಗೋಪುರ ಅಷ್ಟು ಶತಮಾನಗಳಲ್ಲಿ ಮೊದಲ ಬಾರಿಗೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು, ಮತ್ತು ಆ ಸೀಸವನ್ನು ಬೇಡವೆಂದ ದಿನ ತೆಗೆಯಬಹುದಿತ್ತು.

ಸೀಸದ ರಾಶಿ ಕಣ್ಣಿಗೆ ಚುಚ್ಚುತ್ತದೆ, ಅದರ ಬದಲು ಆಳದ ಮಣ್ಣಿಗೆ ಲಂಗರು ಹಾಕಿ ಉಕ್ಕಿನ ಹಗ್ಗದಿಂದ ಎಳೆಯೋಣ ಎಂಬ ಯೋಚನೆ ಬಂತು. ಅದಕ್ಕೆ ಅಂತರ್ಜಲದ ಕೆಳಗೆ ಅಗೆಯಬೇಕು, ನೀರು ಬರದಂತೆ ದ್ರವ ಸಾರಜನಕದಿಂದ ಮಣ್ಣನ್ನು ಹೆಪ್ಪುಗಟ್ಟಿಸಬೇಕು. 1995ರ ಸೆಪ್ಟೆಂಬರಿನಲ್ಲಿ ಆ ಕೆಲಸ ನಡೆಯುವಾಗ ಗೋಪುರ ದಕ್ಷಿಣಕ್ಕೆ ಅಪಾಯದ ವೇಗದಲ್ಲಿ ವಾಲತೊಡಗಿತು. ಕೂಡಲೇ ಕೆಲಸ ನಿಲ್ಲಿಸಿದರು, ಸೀಸ ಸುಮಾರು 900 ಟನ್ನಿಗೆ ಏರಿತು. ಪ್ರತಿದಿನ ಅಳೆಯುತ್ತಿದ್ದುದರಿಂದ ತಿಳಿಯಿತು, ನಿಲ್ಲಿಸುವುದಕ್ಕೆ ಸಮಯ ಸಿಕ್ಕಿತು.

ಕೊನೆಗೆ ಅವರು ಹಿಡಿದದ್ದು ಫೆರ್ನಾಂದೊ ತೆರಾಚಿನಾ ಎಂಬ ಇಟಲಿಯ ಇಂಜಿನಿಯರ್ 1962ರಲ್ಲೇ ಸೂಚಿಸಿದ್ದ ದಾರಿ. ಗೋಪುರವನ್ನು ಮುಟ್ಟುವುದೇ ಬೇಡ, ಅದು ವಾಲಿರುವ ದಿಕ್ಕಿಗೆ ಎದುರಿನ ದಿಕ್ಕಿನಲ್ಲಿ, ಉತ್ತರದ ಬುಡದಡಿಯಿಂದ, ಮಣ್ಣು ತೆಗೆಯುವುದು. ಓರೆಯಾಗಿ ಕೊಳವೆ ಇಳಿಸಿ, ಒಳಗಿನ ತಿರುಪಿನಿಂದ ಸ್ವಲ್ಪ ಮಣ್ಣು ತೆಗೆದು, ಆ ಪೊಳ್ಳು ತಾನಾಗಿ ಮುಚ್ಚಿಕೊಳ್ಳುವವರೆಗೆ ಕಾದು, ಗೋಪುರ ಎಷ್ಟು ಸರಿಯಿತೆಂದು ಅಳೆದು, ಆಮೇಲೆ ಮುಂದಿನ ಹೆಜ್ಜೆ. 1999ರಲ್ಲಿ ಪರೀಕ್ಷೆ, ನಂತರ 41 ಕೊಳವೆಗಳಲ್ಲಿ ಪೂರ್ಣ ಕೆಲಸ. ತೆಗೆದ ಮಣ್ಣೆಲ್ಲ ಸೇರಿ ಸುಮಾರು 38 ಘನ ಮೀಟರ್, ಅಂದರೆ ಕೆಲವು ಲಾರಿ ಲೋಡು. ಗೋಪುರದ ತುದಿ ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ಬಂತು; ಹೆಚ್ಚುಕಡಿಮೆ 1838ರ ಅಗೆತಕ್ಕೆ ಮುಂಚೆ ಇದ್ದ ಜಾಗಕ್ಕೆ. ಸೀಸ ಇಳಿಸಿದರು. 2001ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಬರಿಗಣ್ಣಿಗೆ ಏನೂ ಬದಲಾಗಿರಲಿಲ್ಲ. ಹನ್ನೊಂದು ವರ್ಷ ಜಗತ್ತಿನ ದೊಡ್ಡ ದೊಡ್ಡ ಇಂಜಿನಿಯರುಗಳು ದುಡಿದ ಮೇಲೆ ಗೋಪುರದ ಮೇಲೆ ಅವರ ಗುರುತು ಅಷ್ಟು ಕಡಿಮೆ ಇತ್ತು. ಈ ಕಥೆಯಲ್ಲಿ ನನ್ನ ಮನಸ್ಸು ಗೆದ್ದದ್ದು ಇದು. ಇನ್ನೂ ಒಂದು ಸಂಗತಿ ಇದೆ. ಆ ಮೆತ್ತನೆಯ ಮಣ್ಣೇ ಭೂಕಂಪದ ಅಲೆಗಳಿಗೆ ಗೋಪುರ ಸ್ಪಂದಿಸದಂತೆ ಮಾಡಿ ಶತಮಾನಗಳಿಂದ ಅದನ್ನು ಕಾಪಾಡಿದೆ ಎಂದು 2018ರಲ್ಲಿ ಇಟಲಿ ಮತ್ತು ಬ್ರಿಟನ್ನಿನ ಸಂಶೋಧಕರು ತೋರಿಸಿದರು. ದೋಷವೆಂದು ಯಾರಾದರೂ ಆ ಮಣ್ಣನ್ನು ಕಾಂಕ್ರೀಟಿನಂತೆ ಬಿಗಿ ಮಾಡಿಬಿಟ್ಟಿದ್ದರೆ ಏನಾಗುತ್ತಿತ್ತೋ.

ಈಗ ನಮ್ಮ ಕಡೆಗೆ ಬರುತ್ತೇನೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತದ್ದು, 2016ರಲ್ಲಿ ದುರಸ್ತಿ ನಡೆಯುತ್ತಿರುವಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಭಾಗ ಬಿದ್ದದ್ದು ನಿಮಗೆ ನೆನಪಿರಬಹುದು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಪ್ರಾಣಹಾನಿ ಆಗಿರುವಾಗ ಕೆಡವಿ ಅನ್ನುವವರ ಭಯ ನನಗೆ ಅರ್ಥವಾಗುತ್ತದೆ. ಕಟ್ಟಡ ಹಳೆಯದು, ಅದನ್ನು ಮುಟ್ಟಲೇಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ. 1993ರಲ್ಲಿ ನಮ್ಮ ಗಡಿಯಾಚೆ ಕಿಲ್ಲಾರಿಯಲ್ಲಿ ಭೂಕಂಪವಾದಾಗ ದಪ್ಪ ಕಲ್ಲಿನ ಗೋಡೆಗಳು ಒಳಪದರ ಹೊರಪದರವಾಗಿ ಸೀಳಿ ಸಾವಿರಾರು ಜನರ ಮೇಲೆ ಬಿದ್ದವು. ಎರಡು ಪದರಗಳನ್ನು ಸೇರಿಸುವ ಉದ್ದನೆಯ ಕಲ್ಲುಗಳು ಆ ಗೋಡೆಗಳಲ್ಲಿ ಇರಲಿಲ್ಲ, ತಲೆಯ ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. ಕಲ್ಯಾಣ ಕರ್ನಾಟಕದ ಹಳೆಯ ಮನೆಗಳೂ ಬಹಳಷ್ಟು ಹಾಗೆಯೇ ಇವೆ. ಅಂಥ ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ ಆರಪಾರ ಹಿಡಿಯುವ ಕೊಂಡಿ ಕೂರಿಸಬಹುದು, ಮಾಳಿಗೆಯ ಮಣ್ಣನ್ನು ಇಳಿಸಬಹುದು. ಮನೆ ಮನೆಯಾಗಿಯೇ ಉಳಿಯುತ್ತದೆ, ಒಳಗಿನವರೂ ಉಳಿಯುತ್ತಾರೆ.

ಮೈಸೂರು, ಬೆಂಗಳೂರಿನ ಕಡೆಯ ಹಳೆಯ ಕಟ್ಟಡಗಳು ಯಾಕೆ ಬೀಳುತ್ತವೆ ಎಂದು ನೋಡಿದರೆ ಬಹಳ ಸಲ ತಾರಸಿಯಲ್ಲಿ ಉತ್ತರವಿದೆ. ಮದ್ರಾಸ್ ತಾರಸಿ ಅಂದರೆ ತೇಗದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಡ್ಡಕ್ಕೆ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣದ ಪದರ ಹಾಕಿ ದಿನಗಟ್ಟಲೆ ಕುಟ್ಟಿ ಗಟ್ಟಿ ಮಾಡಿದ್ದು. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಕುಟ್ಟುತ್ತಿದ್ದರು. ಅದು ಸೋರಿದಾಗ ಹಳೆಯ ಪದರ ಕೆತ್ತಿ ತೆಗೆದು ಹೊಸದು ಕುಟ್ಟಬೇಕು. ಅದನ್ನು ಬಿಟ್ಟು ನಾವು ಮೇಲೊಂದು ಎರಡು ಇಂಚಿನ ಕಾಂಕ್ರೀಟ್ ಹಾಕಿಸುತ್ತೇವೆ. ಲೆಕ್ಕ ಹಾಕಿ ನೋಡಿ: ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡು ಇಂಚು ಕಾಂಕ್ರೀಟಿನ ತೂಕ ಒಂದು ಟನ್ನಿಗಿಂತ ಹೆಚ್ಚು. ಹತ್ತು ವರ್ಷದ ನಂತರ ಮತ್ತೆ ಸೋರಿದಾಗ ಮತ್ತೊಂದು ಪದರ. ಅಷ್ಟರಲ್ಲಿ ಗೋಡೆಯೊಳಗೆ ಕೂತ ಜಂತೆಯ ತುದಿ ತೇವಕ್ಕೆ ಕೊಳೆತಿರುತ್ತದೆ. ಕೆಳಗೆ ನಿಂತು ನೋಡಿದವರಿಗೆ ಜಂತೆ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಕೊಳೆತಿರುವುದು ಗೋಡೆ ಮುಚ್ಚಿದ ಒಂದು ಗೇಣು ಮಾತ್ರ. ಆ ಕೊಳೆತ ತುದಿಯನ್ನಷ್ಟೇ ಕೊಯ್ದು, ಒಳ್ಳೆಯ ತೇಗದ ತುಂಡನ್ನು ಪಟ್ಟಿಗಳಿಂದ ಬೆಸೆದು, ತುದಿಗೆ ಗಾಳಿಯಾಡುವಂತೆ ಬಿಟ್ಟರೆ ಜಂತೆಗೆ ಹೊಸ ಆಯುಸ್ಸು. ಇದು ಬಡಗಿಯ ಕೆಲಸ, ಅಷ್ಟೇನೂ ದುಬಾರಿಯಲ್ಲ. ಬಿರುಕಿಗೂ ದಾರಿ ಇದೆ. ಗೋಡೆಯ ಬುಡದಿಂದ ಶುರುಮಾಡಿ ಸಣ್ಣ ಕೊಳವೆಗಳ ಮೂಲಕ ತೆಳುವಾದ ಸುಣ್ಣದ ಹಾಲನ್ನು ಕಡಿಮೆ ಒತ್ತಡದಲ್ಲಿ ತುಂಬುತ್ತಾ ಮೇಲಕ್ಕೆ ಹೋಗುವುದು. ಹೊರಕ್ಕೆ ವಾಲುತ್ತಿರುವ ಎರಡು ಗೋಡೆಗಳನ್ನು ತುಕ್ಕು ಹಿಡಿಯದ ಉಕ್ಕಿನ ಸರಳಿನಿಂದ ಒಂದಕ್ಕೊಂದು ಕಟ್ಟುವುದು.

ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ ಸೀಳಿದ ತೊಲೆಗಳ ಕೆಳಗೆ ಹಿಂದಿನವರು ಒರಟು ಆಸರೆ ಕಂಬಗಳನ್ನು ನಿಲ್ಲಿಸಿದ್ದರು. ಕೆತ್ತನೆಯ ಕಂಬಗಳ ನಡುವೆ ಅವು ಕುರೂಪವಾಗಿದ್ದವು ಎಂದು ಬೈದವರೇ ಹೆಚ್ಚು. ಅವನ್ನು ನಿಲ್ಲಿಸಿದವರನ್ನು ನಾನು ಗೌರವಿಸುತ್ತೇನೆ. ಆ ಆಸರೆಗಳು ತಾವು ಹಳೆಯವೆಂದು ಸುಳ್ಳು ಹೇಳಲಿಲ್ಲ, ತೊಲೆ ಬೀಳದಂತೆ ಹಿಡಿದವು, ಒಳ್ಳೆಯ ಉಪಾಯ ಬಂದಾಗ ತೆಗೆಯುವಂತೆಯೂ ಇದ್ದವು. ಪೀಸಾದ ಸೀಸದ ಗಟ್ಟಿಗಳೂ ಮಾಡಿದ್ದು ಇದನ್ನೇ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಕಾಣುತ್ತದೆ. ಫೋಟೋ ಇದೆಯಲ್ಲ, ಶಿಖರ ಮತ್ತೆ ಕಟ್ಟಿಬಿಡಿ ಎಂದು ಕೆಲವರು ಕೇಳುತ್ತಾರೆ. ಫೋಟೋದಲ್ಲಿ ಇರುವುದು ಒಂದು ಕೋನದಿಂದ ಕಂಡ, ಆಗಲೇ ಶಿಥಿಲವಾಗಿದ್ದ ಶಿಖರ. ಉಳಿದದ್ದನ್ನು ಊಹೆಯಿಂದ ತುಂಬಬೇಕು. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಹೇಳುತ್ತದೆ, ಆ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಶಿಖರ ಕಟ್ಟುವ ಹಣದಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಸಾಲುಮಂಟಪಗಳನ್ನು ನೋಡಿಕೊಳ್ಳಬಹುದು. 2024ರ ಮೇ ತಿಂಗಳ ಮಳೆಗೆ ಅವುಗಳಲ್ಲಿ ಒಂದು ಭಾಗ ಕುಸಿಯಿತು.

ಹಳೆಯ ಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆ, ನೈವೇದ್ಯದ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಬರೆಸುತ್ತಿದ್ದರು. ಒಡೆದದ್ದು ಬಿರಿದದ್ದನ್ನು ಸರಿಪಡಿಸುವ ಖರ್ಚಿಗೆ ಆ ಹೊಲದ ಹುಟ್ಟುವಳಿ ಮೀಸಲು. ಕಟ್ಟುವ ದಿನವೇ ರಿಪೇರಿಗೆ ದುಡ್ಡು ಎತ್ತಿಡುತ್ತಿದ್ದರು. ನಮ್ಮಲ್ಲಿ ಈಗ ಕುಸಿದ ಮೇಲೆ ಕೋಟಿಗಳು ಬರುತ್ತವೆ, ಮಳೆನೀರಿನ ದೋಣಿ ಗುಡಿಸುವುದಕ್ಕೆ ವರ್ಷಕ್ಕೆ ಕೆಲವು ಸಾವಿರ ಸಿಗುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ನಿಮ್ಮ ಊರಿನಲ್ಲಿ, ಮನೆತನದಲ್ಲಿ ಹಳೆಯ ಕಟ್ಟಡವಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಏಣಿ ಹಾಕಿ ತಾರಸಿ ಹತ್ತಿ ನೋಡಿ. ನೀರು ಹೋಗುವ ದಾರಿಯಲ್ಲಿ ಕಸ ಇದ್ದರೆ ತೆಗೆಯಿರಿ. ಸಂದಿನಲ್ಲಿ ಅರಳಿಯ ಸಸಿ ಎದ್ದಿದ್ದರೆ ಬೆರಳಷ್ಟಿರುವಾಗಲೇ ತೆಗೆಯಿರಿ. ಬಲಿತ ಮೇಲೆ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ, ಆಗ ಬೇರನ್ನು ಕಡಿದು ಅಲ್ಲೇ ಸಾಯಿಸಬೇಕು. ಗೋಡೆಯಲ್ಲಿ ಬಿರುಕು ಕಂಡರೆ ಕೂಡಲೇ ಮೆತ್ತಬೇಡಿ. ಗಾಜಿನ ತೆಳ್ಳನೆಯ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡವಾಗಿ ಎರಡೂ ತುದಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆಯಿರಿ. ಗಾಜು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಒಡೆಯದಿದ್ದರೆ ಅದು ಯಾವತ್ತೋ ಬಿಟ್ಟು ಈಗ ನಿಂತುಹೋದ ಬಿರುಕು. ಸುಣ್ಣ ತುಂಬಿದರೆ ಸಾಕಾಗಬಹುದು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಆಗ ತಡಮಾಡದೆ ಹಳೆಯ ಕಟ್ಟಡಗಳ ಅನುಭವ ಇರುವ ಇಂಜಿನಿಯರನ್ನು ಕರೆಸಿ. ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ಗೋಡೆ ಉಬ್ಬಿದ್ದರೆ, ಗಾಜಿಗಾಗಿ ಕಾಯುವುದು ಬೇಡ. ಒಳಗಿರುವವರನ್ನು ಮೊದಲು ಹೊರಗೆ ತಂದು, ತೊಲೆಗೆ ಆಸರೆ ಕೊಟ್ಟು ಆಮೇಲೆ ಮುಂದಿನ ಮಾತು. ಯಾರೇ ಬಂದು ದುರಸ್ತಿಗೆ ದರ ಹೇಳಿದರೂ ಮೂರು ಪ್ರಶ್ನೆ ಕೇಳಿ: ಬಿರುಕು ಬಿಟ್ಟದ್ದು ಯಾಕೆ, ಗಾರೆಗೆ ಏನು ಹಾಕುತ್ತೀರಿ, ಮುಂದೆ ಬೇಡವೆನಿಸಿದರೆ ನೀವು ಹಾಕಿದ್ದನ್ನು ಗೋಡೆಗೆ ಪೆಟ್ಟಾಗದಂತೆ ತೆಗೆಯಬಹುದೇ. ಮೊದಲನೆಯದಕ್ಕೇ ಉತ್ತರ ಸಿಗದಿದ್ದರೆ ಆ ದರಪಟ್ಟಿಗೆ ಸಹಿ ಹಾಕಬೇಡಿ.